ಆಪರೇಟರ್ ದೊಡ್ಡಪ್ಪ ಕೆಳಗಿಳಿದು ಕೂತ ಆಟ

ನಮ್ಮ ದೊಡ್ಡಪ್ಪ ಬದುಕಿನ ಬಹುಪಾಲನ್ನು ಕತ್ತಲಲ್ಲೇ ಕಳೆದವರು. ಹಾಗಿದ್ದೂ ಅವರು ಹೆದರುತ್ತಿದ್ದದ್ದು ಕತ್ತಲಿಗೇ. ಎಲ್ಲ ಕತ್ತಲಿಗೂ ಅಲ್ಲ, ಆಟ ನಡೆಯುವಾಗ ಪರದೆಯ ಮೇಲೆ ಕವಿಯುವ ಕತ್ತಲಿಗೆ ಮಾತ್ರ. ಅವರು ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ ಆಪರೇಟರ್. ಪರದೆ ಕಪ್ಪಾಯಿತೆಂದರೆ ಕೆಳಗೆ ಕೂತ ಜನ ಶಿಳ್ಳೆ ಹೊಡೆಯುತ್ತಾರೆ, ಕುರ್ಚಿ ಬಡಿಯುತ್ತಾರೆ, ಆಪರೇಟರನ ಹಿಂದಿನ ಏಳು ತಲೆಮಾರನ್ನೂ ಒಬ್ಬೊಬ್ಬರಾಗಿ ಜ್ಞಾಪಿಸಿಕೊಳ್ಳುತ್ತಾರೆ. ಅಷ್ಟು ಜನ ಒಟ್ಟಿಗೆ ಬೈಯುವಾಗ ಪ್ರೊಜೆಕ್ಟರಿನ ಬೆಳಕು ಹೊರಡುವ ಕಿಂಡಿಯ ಹಿಂದೆ ಒಬ್ಬನೇ ನಿಂತಿರುವುದು ಎಂಥ ಸಂಕಟ ಎಂದು ನಿಂತವನಿಗೇ ಗೊತ್ತು ಎನ್ನುತ್ತಿದ್ದರು.

ಆ ಟಾಕೀಸು ಈಗ ಸೋಫಾ ಮಂಚಗಳ ಗೋದಾಮು. ಹೋದ ವರ್ಷ ಒಂದು ಬೀರು ಕೊಳ್ಳುವ ನೆಪದಲ್ಲಿ ಒಳಗೆ ಹೋಗಿದ್ದೆ. ಪರದೆಯಿದ್ದ ಜಾಗದಲ್ಲಿ ಹಾಸಿಗೆಗಳನ್ನು ಸೂರಿನವರೆಗೆ ಪೇರಿಸಿಟ್ಟಿದ್ದರು. ಅಂಗಡಿಯವನು ಬೀರಿನ ಬಾಗಿಲು ತೆಗೆದು ಮುಚ್ಚಿ ಅದರ ಗುಣಗಾನ ಮಾಡುತ್ತಿದ್ದ. ನನ್ನ ಕಣ್ಣು ಮಾತ್ರ ಮೂಲೆಯ ಕಬ್ಬಿಣದ ಏಣಿ ಮೆಟ್ಟಿಲ ಮೇಲೇ ಇತ್ತು. ಹಳೆಯದೆಲ್ಲ ಚೆನ್ನ ಎಂದು ಕೊರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೂ ಆ ಮೆಟ್ಟಿಲು ಕಂಡ ಮೇಲೆ ಅಂಗಡಿಯವನ ಮಾತು ಕಿವಿಗೆ ಬೀಳಲಿಲ್ಲ. ಬೀರು ಕೊಳ್ಳದೆ ಬಂದೆ.

ಆ ಮೆಟ್ಟಿಲು ಹತ್ತಿದರೆ ದೊಡ್ಡಪ್ಪನ ಕ್ಯಾಬಿನ್. ಬೇಸಿಗೆಯಲ್ಲಿ ಅದು ಒಲೆ, ಚಳಿಗಾಲದಲ್ಲಿ ಬೆಚ್ಚಗಿನ ಗೂಡು. ಬಿಸಿಯಾದ ಕಬ್ಬಿಣ, ಯಂತ್ರದೆಣ್ಣೆ ಮತ್ತು ರೀಲು ಅಂಟಿಸುವ ಗೋಂದಿನ ವಾಸನೆ ಅವರ ಶರ್ಟಿನಲ್ಲಿ ಹಬ್ಬಿ, ಒಗೆದರೂ ಹೋಗುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಅವರು ನಮ್ಮ ಮನೆಗೆ ಬಂದರೆ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ನನಗೆ ತಿಳಿದುಹೋಗುತ್ತಿತ್ತು.

ಕ್ಯಾಬಿನ್‌ನಲ್ಲಿ ಎರಡು ಪ್ರೊಜೆಕ್ಟರ್‌ಗಳು. ಒಂದರಲ್ಲಿ ಒಂದು ರೀಲು ಓಡುತ್ತಿರುವಾಗಲೇ ಇನ್ನೊಂದರಲ್ಲಿ ಮುಂದಿನ ರೀಲು ಸಿದ್ಧವಾಗಿರಬೇಕು. ರೀಲು ಮುಗಿಯುವ ಹೊತ್ತಿಗೆ ಪರದೆಯ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿ ಮಾಯವಾಗುತ್ತದೆ. ಆಗ ಎರಡನೆಯ ಯಂತ್ರವನ್ನು ಓಡಿಸಬೇಕು. ಮತ್ತೊಂದು ಚುಕ್ಕಿ ಕಂಡೊಡನೆ ಬೆಳಕನ್ನು ಇದರಿಂದ ಅದಕ್ಕೆ ದಾಟಿಸಬೇಕು. ಕೆಳಗೆ ಕೂತವರಿಗೆ ಏನೂ ಗೊತ್ತಾಗಬಾರದು. ಎರಡನೆಯದು ಓಟ ಹಿಡಿದದ್ದು ಖಾತ್ರಿಯಾಗುವ ತನಕ ಮೊದಲನೆಯದನ್ನು ನಿಲ್ಲಿಸಬಾರದು. ಇದೊಂದನ್ನು ದೊಡ್ಡಪ್ಪ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಲಿತರು, ಕೊನೆಯವರೆಗೂ ಬಿಡಲಿಲ್ಲ. ಮನೆಯಲ್ಲಿ ಬಲ್ಬು ಬದಲಿಸುವಾಗ ಕೂಡ ಹೊಸ ಬಲ್ಬನ್ನು ಇನ್ನೊಂದು ಹೋಲ್ಡರಿನಲ್ಲಿ ಉರಿಸಿ ನೋಡಿಯೇ ಹಳೆಯದಕ್ಕೆ ಕೈ ಹಾಕುತ್ತಿದ್ದರು.

ಅವರು ಎಡವಿದ್ದು ಒಂದೇ ಒಂದು ಸಲ. ಅದು ನಮ್ಮ ಮನೆತನದ ಆಸ್ತಿಯಂತಾಗಿ ಎಲ್ಲರ ಬಾಯಲ್ಲೂ ಓಡಾಡುತ್ತಿತ್ತು. ಯಾರೋ ರೀಲಿನ ಡಬ್ಬಗಳ ಮುಚ್ಚಳ ಅದಲುಬದಲು ಮಾಡಿದ್ದರಂತೆ. ಡಬ್ಬದ ಮೇಲೆ ಒಂದು ನಂಬರು, ಒಳಗಿನ ರೀಲಿನದು ಇನ್ನೊಂದು ನಂಬರು. ಮುಚ್ಚಳ ನಂಬಿ ದೊಡ್ಡಪ್ಪ ಓಡಿಸಿದರು. ನಾಯಕನ ತಂದೆ ಸತ್ತು, ಎಲ್ಲರೂ ಅತ್ತು, ಮರುಕ್ಷಣವೇ ಅದೇ ತಂದೆ ಬಾಗಿಲು ತಳ್ಳಿಕೊಂಡು ಬಂದು ಕಾಫಿ ಕೇಳಿದ. ಆವತ್ತಿನ ಶಿಳ್ಳೆ ಟಾಕೀಸಿನ ಹೊರಗಿನ ರಸ್ತೆಗೂ ಕೇಳಿಸಿತಂತೆ. ಅಂದಿನಿಂದ ಎಲ್ಲೇ ಆಗಲಿ ಎರಡು ನಂಬರು ತಾಳೆಯಾಗದಿದ್ದರೆ ದೊಡ್ಡಪ್ಪನಿಗೆ ಊಟ ಸೇರುತ್ತಿರಲಿಲ್ಲ.

ಇಂಥವರನ್ನು ಕಟ್ಟಿಕೊಂಡ ದೊಡ್ಡಮ್ಮ ಸಿನಿಮಾ ಹುಚ್ಚಿನವರು. ಹೊಸ ಸಿನಿಮಾ ಬಂದ ಮೊದಲ ವಾರವೇ ನೋಡಬೇಕು, ನೋಡಿ ಬಂದ ಮೇಲೆ ಪಾತ್ರೆ ತೊಳೆಯುತ್ತ ಅದರ ಮಾತುಗಳನ್ನೆಲ್ಲ ಹೇಳಬೇಕು. ಟಾಕೀಸು ಮನೆಯಷ್ಟೇ ಸಲಿಗೆಯದಾದರೂ ಅವರಿಗೆ ಒಂದು ಕೊರಗಿತ್ತು, ಅದನ್ನು ಮುಚ್ಚಿಟ್ಟವರೂ ಅಲ್ಲ. ಮದುವೆಯಾದಾಗಿನಿಂದ ಗಂಡನ ಪಕ್ಕ ಕೂತು ಒಂದೇ ಒಂದು ಸಿನಿಮಾ ನೋಡಿದವರಲ್ಲ. ಮದುವೆಯಾದ ಹೊಸತರಲ್ಲಿ ಒಂದು ಸಿನಿಮಾ ತಿಂಗಳುಗಟ್ಟಲೆ ಓಡಿತಂತೆ. ಓಣಿಯ ಹೆಂಗಸರೆಲ್ಲ ಗಂಡಂದಿರ ಜೊತೆ ಬಂದು ಕೂತಿದ್ದರೆ ಇವರು ಪಕ್ಕದ ಮನೆಯ ಅಜ್ಜಿಯ ಜೊತೆ ಕೂತಿದ್ದರು. ಆ ಅಜ್ಜಿಗೆ ಕಿವಿ ಮಂದ. ಪ್ರೇಮದ ಮಾತುಗಳನ್ನೆಲ್ಲ ಅಜ್ಜಿಯ ಕಿವಿಗೆ ಗಟ್ಟಿಯಾಗಿ ಹೇಳಬೇಕಾಗಿ ಬಂದು ಅಕ್ಕಪಕ್ಕದವರು ನಕ್ಕರಂತೆ.

ಬೇರೆ ಟಾಕೀಸಿಗೆ ಕರೆದುಕೊಂಡು ಹೋಗಬಹುದಿತ್ತಲ್ಲ ಎಂದು ನಾನೂ ಕೇಳಿದ್ದೆ. ಒಮ್ಮೆ ಹೋಗಿದ್ದರಂತೆ. ಹೆಸರುಗಳು ಬರುತ್ತಿದ್ದಾಗ ಪರದೆ ತುಸು ಮಂಕಾಯಿತು. ಒಂದು ನಿಮಿಷ ಬಂದೆ ಎಂದು ದೊಡ್ಡಪ್ಪ ಎದ್ದರು. ನೆಟ್ಟಗೆ ಆ ಟಾಕೀಸಿನ ಕ್ಯಾಬಿನ್‌ಗೆ ಹೋಗಿ ಅಲ್ಲಿನ ಆಪರೇಟರ್ ಜೊತೆ ಸೇರಿ ಲೆನ್ಸು ಒರೆಸಿ, ಬೆಳಕು ಕೊಡುವ ಕಾರ್ಬನ್ ಕಡ್ಡಿ ಸರಿಮಾಡಿ, ಚಹ ಕುಡಿದು, ತಿರುಗಿ ಬರುವ ಹೊತ್ತಿಗೆ ದೊಡ್ಡಮ್ಮ ಹೊರಗೆ ಗೇಟಿನ ಹತ್ತಿರ ಮುಖ ಊದಿಸಿಕೊಂಡು ನಿಂತಿದ್ದರು. ಆಮೇಲೆ ಆ ಸುದ್ದಿಗೇ ಹೋಗಲಿಲ್ಲ.

ಕಾಲ ಬದಲಾಯಿತು. ರೀಲುಗಳು ಬರುವುದು ನಿಂತಿತು. ಟಾಕೀಸಿನ ಯಜಮಾನರು ಪ್ರೊಜೆಕ್ಟರ್‌ಗಳನ್ನು ಗುಜರಿಗೆ ಹಾಕಿ ಒಂದು ಕಂಪ್ಯೂಟರನ್ನೂ ಅದಕ್ಕೆ ಹೊಂದುವ ಹೊಸ ಪ್ರೊಜೆಕ್ಟರನ್ನೂ ತಂದಿಟ್ಟರು. ದೊಡ್ಡಪ್ಪನನ್ನು ಮನೆಗೆ ಕಳಿಸುತ್ತಾರೆಂದೇ ನಾವೆಲ್ಲ ಅಂದುಕೊಂಡಿದ್ದೆವು. ಅವರು ಮಾತ್ರ ಗುಜರಿಯವನ ಗಾಡಿ ಹೋದ ಮಾರನೆಯ ದಿನವೇ ಕನ್ನಡಕ ಏರಿಸಿಕೊಂಡು ಕಂಪ್ಯೂಟರ್ ಮುಂದೆ ಕೂತರು. ಆಗ ನಾನು ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ನನ್ನನ್ನು ಮೇಷ್ಟ್ರಮ್ಮ ಎಂದು ರೇಗಿಸುತ್ತಲೇ ದೊಡ್ಡಪ್ಪ ಎಲ್ಲ ಕೇಳಿ ಕಲಿತರು. ಕೀಲಿಮಣೆಯ ಮೇಲೆ ಒಂದೇ ಬೆರಳು ಓಡುತ್ತಿತ್ತು, ಆದರೆ ಆ ಬೆರಳು ತಪ್ಪು ಕೀಲಿ ಒತ್ತುತ್ತಿರಲಿಲ್ಲ. ಟಾಕೀಸಿನಲ್ಲಿ ಹಳೆಯ ಸಿನಿಮಾಗಳು ವಾರಕ್ಕೊಂದರಂತೆ ಓಡತೊಡಗಿದವು. ಆಟದ ಹೊತ್ತು ಮೊದಲೇ ಹೇಳಿಟ್ಟರೆ ಯಂತ್ರ ತಾನಾಗಿಯೇ ಶುರುಮಾಡಿ ತಾನಾಗಿಯೇ ಮುಗಿಸುತ್ತಿತ್ತು. ಆದರೂ ದೊಡ್ಡಪ್ಪ ಮೊದಲಿನಿಂದ ಕೊನೆಯವರೆಗೆ ಅದರ ಪಕ್ಕದಲ್ಲೇ ನಿಂತಿರುತ್ತಿದ್ದರು.

ಈ ನಡುವೆ ದೊಡ್ಡಮ್ಮನ ಕಣ್ಣು ಕೈಕೊಡತೊಡಗಿತು. ಮೊದಲು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡರು, ಆಮೇಲೆ ಒಲೆಯ ಪಕ್ಕದ ಲೋಟ ಬೀಳಿಸಿದರು. ವಯಸ್ಸಾಯ್ತು ಎಂದು ಮನೆಯವರೆಲ್ಲ ನಕ್ಕು ಸುಮ್ಮನಾದರು. ಡಾಕ್ಟರ ಬಳಿ ಅವರನ್ನು ಕರೆದೊಯ್ದವಳು ನಾನು. ಕಣ್ಣಿನೊಳಗೆ ಒತ್ತಡ ಹೆಚ್ಚಿ ನೋಟ ಅಂಚಿನಿಂದ ಅಳಿಸಿಕೊಂಡು ಬರುತ್ತಿದೆ ಎಂದರು ಡಾಕ್ಟರು. ಹೋದ ನೋಟ ಮರಳುವುದಿಲ್ಲ, ಉಳಿದದ್ದೂ ಎಷ್ಟು ದಿನವೋ ಹೇಳಲಾಗದು, ಔಷಧಿಯ ಹನಿ ಬಿಡುತ್ತಿರಿ ಎಂದರು. ಬಸ್ಸಿನಲ್ಲಿ ಹಿಂತಿರುಗುವಾಗ ದೊಡ್ಡಮ್ಮ ಕಿಟಕಿಯ ಹೊರಗೆ ನೋಡುತ್ತ ಕೂತರು. ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ತುಟಿಯಲ್ಲೇ ಓದಿಕೊಳ್ಳುತ್ತಿದ್ದರು. ನನಗೆ ಅಳು ಬಂತು, ಅವರು ಅಳಲಿಲ್ಲ.

ಅದೇ ಹೊತ್ತಿಗೆ ಯಜಮಾನರು ಆ ಹಳೆಯ ಸಿನಿಮಾ, ಅಜ್ಜಿಯ ಪಕ್ಕ ಕೂತು ನೋಡಿದ್ದ ಸಿನಿಮಾ, ಮತ್ತೆ ತರಿಸುತ್ತಿದ್ದಾರೆ ಎಂಬ ಸುದ್ದಿ ಬಂತು. ದೊಡ್ಡಮ್ಮ ಊಟ ಬಡಿಸುತ್ತ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

"ನೋಡಿ, ಈ ಸಲ ನೀವು ನನ್ನ ಪಕ್ಕ ಕೂತ್ಕೋಬೇಕು. ನಂಗೆ ಕಾಣ್ತಿರೋವಾಗ್ಲೇ. ಆಮೇಲೆ ನೀವು ಪುರುಸೊತ್ತು ಮಾಡ್ಕೊಂಡು ಬಂದ್ರೂ ನಾನು ಏನು ನೋಡ್ಲಿ?"

ದೊಡ್ಡಪ್ಪ ತುತ್ತನ್ನು ಕೈಯಲ್ಲೇ ಹಿಡಿದು ಕೂತರು. ಆಗಲ್ಲ ಎನ್ನುವ ಧೈರ್ಯ ಅವರಿಗಿರಲಿಲ್ಲ. ಆಗಲಿ ಎನ್ನಲೂ ಒಂದು ಅಡ್ಡಿಯಿತ್ತು. ಕಂಪ್ಯೂಟರಿನ ಡಿಸ್ಕು, ಎಂದರೆ ಯಂತ್ರ ನಡೆಸುವ ವ್ಯವಸ್ಥೆಯೆಲ್ಲ ತುಂಬಿಟ್ಟಿದ್ದ ಪೆಟ್ಟಿಗೆ, ಕೆಲವು ದಿನಗಳಿಂದ ಟಿಕ್ ಟಿಕ್ ಎನ್ನುತ್ತಿತ್ತು. ಆಟದ ನಡುವೆ ಚಿತ್ರ ನಿಂತುಬಿಡುತ್ತಿತ್ತು, ದೊಡ್ಡಪ್ಪ ಓಡಿಹೋಗಿ ಮತ್ತೆ ಎಬ್ಬಿಸಬೇಕಿತ್ತು. ಯಂತ್ರ ಮಾರಿದವನು ಇದು ತೀರ ಹಳೇದು, ಆ ಪ್ರೋಗ್ರಾಂ ಈಗ ಎಲ್ಲೂ ಸಿಗಲ್ಲ ಎಂದು ಕೈ ತೊಳೆದುಕೊಂಡಿದ್ದ. ಅಂಥದನ್ನು ಒಂಟಿಯಾಗಿ ಬಿಟ್ಟು ಕೆಳಗೆ ಹೋಗಿ ಕೂರುವುದು ಹೇಗೆ?

ಹೊಸ ಡಿಸ್ಕು ಹಾಕಿ ಹಳೆಯದರಲ್ಲಿ ಇರುವುದನ್ನೆಲ್ಲ ಹಾಗ್ಹಾಗೇ ನಕಲು ಮಾಡಿಕೊಂಡರಾಯಿತು ಎಂದೆ. ಲ್ಯಾಬಿನಲ್ಲಿ ಇಂಥ ಕೆಲಸ ಎಷ್ಟೋ ಮಾಡಿದ್ದೆ, ನನ್ನ ಪಾಲಿಗೆ ಅದು ನೀರು ಕುಡಿದಷ್ಟು ಸಲೀಸು. ಯಜಮಾನರನ್ನು ಒಪ್ಪಿಸಿ ಡಿಸ್ಕು ತರಿಸಿದೆವು. ಒಂದು ಬೆಳಗ್ಗೆ, ಮಧ್ಯಾಹ್ನದ ಮ್ಯಾಟ್ನಿ ಆಟಕ್ಕೆ ಮುಂಚೆ, ನಾನು ಕ್ಯಾಬಿನ್‌ಗೆ ಹೋದೆ. ಹೊಸ ಡಿಸ್ಕಿನಲ್ಲಿ ಒಂದು ಭಾಗ ಮಾಡಿ, ಹಳೆಯದರ ವ್ಯವಸ್ಥೆಯನ್ನು ಅದರೊಳಕ್ಕೆ ನಕಲಿಸಲು ಹಚ್ಚಿದೆವು. ಕಂಪ್ಯೂಟರ್ ಪರದೆಯ ಮೇಲೆ ಒಂದು ಗೆರೆ ನಿಧಾನವಾಗಿ ತೆವಳುತ್ತ ಹೋಗುವುದನ್ನು ದೊಡ್ಡಪ್ಪ ಸಿನಿಮಾ ನೋಡುವಂತೆ ನೋಡಿದರು. ನಡುವೆ ಇಂಟರ್‌ವಲ್ ಎಂದು ಹೇಳಿ ಚಹ ತರಿಸಿದರು.

ನಕಲು ಮುಗಿಯಿತು. ಎರಡೂ ಡಿಸ್ಕುಗಳಿರುವಂತೆಯೇ ಯಂತ್ರ ಶುರುಮಾಡಿದೆವು, ಎದ್ದಿತು. ದೊಡ್ಡಪ್ಪನ ಮುಖ ಅರಳಿತು. ಈಗ ಹಳೇದನ್ನ ಬಿಚ್ಚಿ ನೋಡೋಣ ಎಂದೆ. ಎರಡನೇದು ಓಟ ಹಿಡಿದಿದೆಯಲ್ಲ, ಸಾಕು ಬಿಡು, ಎರಡೂ ಇರಲಿ ಎಂದರು. ಸಾಯುತ್ತಿರುವ ಡಿಸ್ಕು ಜೊತೆಗಿದ್ದರೆ ಹೊಸದನ್ನೂ ತಡವರಿಸುವಂತೆ ಮಾಡುತ್ತದೆ, ಬಿಚ್ಚಲೇಬೇಕು ಎಂದು ನಾನು ಹಟ ಹಿಡಿದೆ. ನನ್ನ ಹಟವೂ ನಮ್ಮ ಮನೆತನದ್ದೇ. ಬಿಚ್ಚಿ ಗುಂಡಿ ಒತ್ತಿದೆ.

ಕಪ್ಪು ಪರದೆ. ಮೇಲಿನ ಮೂಲೆಯಲ್ಲಿ ಒಂದು ಪುಟ್ಟ ಬಿಳಿ ಗೆರೆ ಮಿಣುಕುತ್ತಿತ್ತು, ಬೇರೇನೂ ಇಲ್ಲ. ಖಾಲಿ ಟಾಕೀಸು ನಿಶ್ಶಬ್ದವಾಗಿತ್ತು. ದೊಡ್ಡಪ್ಪ ಗೋಡೆಗೆ ಒರಗಿ, ತನಗೆ ಶಿಳ್ಳೆ ಕೇಳಿಸುತ್ತಿದೆ ಎಂದರು.

ತಲೆ ಕೆರೆದುಕೊಳ್ಳಬೇಕಾದ ಸರದಿ ನನ್ನದಾಯಿತು. ಸ್ವಲ್ಪ ಹೊತ್ತಿಗೆ ಹೊಳೆಯಿತು. ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ, ಬೂಟ್‌ಲೋಡರ್ ಎನ್ನುತ್ತಾರೆ, ನಾವು ನಕಲಿಸಿದ ಭಾಗದೊಳಗೆ ಇರುವುದಿಲ್ಲ. ಅದು ಡಿಸ್ಕಿನ ತಲೆಯಲ್ಲಿ, ಎಲ್ಲ ಭಾಗಗಳಿಗೂ ಮೊದಲು ಕೂತಿರುತ್ತದೆ. ಹಾಗಾಗಿ ಹೊಸ ಡಿಸ್ಕಿನಲ್ಲಿ ಎಲ್ಲ ಇದ್ದರೂ ಅದನ್ನು ಎಬ್ಬಿಸುವವರು ಇರಲಿಲ್ಲ. ಎರಡೂ ಡಿಸ್ಕು ಇದ್ದಾಗ ಎಬ್ಬಿಸಿದ್ದು ಹಳೆಯದರ ಬೂಟ್‌ಲೋಡರ್. ಇದನ್ನು ಹೇಳಿದಾಗ ದೊಡ್ಡಪ್ಪನಿಗೆ ತಟ್ಟನೆ ಅರ್ಥವಾಯಿತು. ಪ್ರತಿ ರೀಲಿನ ತಲೆಯಲ್ಲಿ ಯಂತ್ರಕ್ಕೆ ಪೋಣಿಸಲೆಂದು ಚಿತ್ರವಿಲ್ಲದ ಒಂದು ಪಟ್ಟಿ ಇರುತ್ತಿತ್ತಂತೆ, ಅದಕ್ಕೆ ಲೀಡರ್ ಎನ್ನುತ್ತಿದ್ದರು. ಲೀಡರ್ ಬಿಟ್ಟು ರೀಲು ಮಾತ್ರ ತಂದಿದ್ದೀವಿ ಅನ್ನು ಎಂದರು. ಇಷ್ಟು ಚೆನ್ನಾಗಿ ನಾನು ನನ್ನ ವಿದ್ಯಾರ್ಥಿಗಳಿಗೂ ಹೇಳಿರಲಿಲ್ಲ.

ಒಂದು ಸಿ.ಡಿ.ಯಿಂದ ಯಂತ್ರ ಎಬ್ಬಿಸಿ, ಅಲ್ಲಿಂದ ಹೊಸ ಡಿಸ್ಕಿನೊಳಗೆ ಹೊಕ್ಕು, ಅದರ ತಲೆಯಲ್ಲಿ ಬೂಟ್‌ಲೋಡರ್ ಬರೆಸಿದೆ. ಇನ್ನೊಂದು ತೊಡಕೂ ಇತ್ತು. ಡಿಸ್ಕಿನ ಪ್ರತಿ ಭಾಗಕ್ಕೂ ಉದ್ದದ ಒಂದು ಗುರುತಿನ ನಂಬರಿರುತ್ತದೆ. ಎದ್ದ ಯಂತ್ರ ಆ ನಂಬರು ಹಿಡಿದೇ ತನ್ನ ಮನೆ ಹುಡುಕಿಕೊಳ್ಳುತ್ತದೆ. ನಕಲು ಮಾಡಿದಾಗ ನಂಬರೂ ನಕಲಾಗಿ, ಹಳೆಯದಕ್ಕೂ ಹೊಸದಕ್ಕೂ ಒಂದೇ ಆಗಿ, ಎಂದಾದರೂ ಎರಡೂ ಜೊತೆಗಿದ್ದರೆ ಯಂತ್ರಕ್ಕೆ ಗೊಂದಲವಾಗುವಂತಿತ್ತು. ಹೊಸದಕ್ಕೆ ಹೊಸ ನಂಬರು ಕೊಟ್ಟು, ಯಂತ್ರ ಅದನ್ನು ಓದಿಕೊಳ್ಳುವ ಕಡೆಗಳಲ್ಲೆಲ್ಲ ಬದಲಿಸಿದೆ. ಹಳೆಯ ಡಿಸ್ಕು ಇಲ್ಲದೆಯೇ ಯಂತ್ರ ಎದ್ದಿತು. ಆವತ್ತಿನ ಮ್ಯಾಟ್ನಿ ಹೊಸ ಡಿಸ್ಕಿನಿಂದಲೇ ಓಡಿತು. ನಾನು ಗೆದ್ದವಳಂತೆ ಮನೆಗೆ ಬಂದೆ.

ಸಿನಿಮಾ ಬಂತು. ದೊಡ್ಡಮ್ಮ ಮೊದಲ ದಿನದ ಮ್ಯಾಟ್ನಿಗೇ ಹೋಗುವುದೆಂದು ಗೊತ್ತುಮಾಡಿದರು. ನಾನು ಕಾಲೇಜಿಗೆ ರಜೆ ಹಾಕಿದೆ. ಹಸಿರು ಸೀರೆಯುಟ್ಟು ಹೊರಟ ದೊಡ್ಡಮ್ಮನ ಕೈ ಹಿಡಿದು ಟಾಕೀಸಿಗೆ ಕರೆತಂದು, ಹೊರಗಿನ ಬೆಂಚಿನ ಮೇಲೆ ಕೂರಿಸಿ ಮೇಲಕ್ಕೆ ಹೋದೆ. ಕ್ಯಾಬಿನ್ ಬಾಗಿಲು ತೆಗೆದೊಡನೆ ಕೇಳಿಸಿತು, ಟಿಕ್ ಟಿಕ್.

ಹಳೆಯ ಡಿಸ್ಕು ಮತ್ತೆ ಯಂತ್ರದೊಳಗೆ ಕೂತಿತ್ತು. ಸುಮ್ಮನೆ, ಜೊತೆಗಿರಲಿ ಅಂತ ಹಾಕಿದೆ ಎಂದರು ದೊಡ್ಡಪ್ಪ, ಕದ್ದು ತಿಂದು ಸಿಕ್ಕಿಬಿದ್ದವರ ಹಾಗೆ. ನನಗೆ ಸಿಟ್ಟು ನೆತ್ತಿಗೇರಿತು. ಯಂತ್ರ ಆರಿಸಿ, ಹಳೆಯದನ್ನು ಬಿಚ್ಚಿ, ಗುಂಡಿ ಒತ್ತಿದೆ. ಪರದೆ ಕಪ್ಪಾಗಿ, ಅದರ ಮೇಲೆ ಬಿಳಿ ಅಕ್ಷರಗಳ ಸಾಲು ಮೂಡಿತು. ಹುಡುಕುತ್ತಿರುವ ಭಾಗ ಎಲ್ಲೂ ಸಿಗುತ್ತಿಲ್ಲ ಎಂದು ಯಂತ್ರ ಹೇಳುತ್ತಿತ್ತು. ಅದರ ಕೆಳಗೆ ಅದು ಹುಡುಕುತ್ತಿದ್ದ ನಂಬರು. ನೋಡಿದರೆ ಅದು ಹಳೆಯ ಡಿಸ್ಕಿನ ನಂಬರು.

ಇದನ್ನು ಯಾರು ಬದಲಿಸಿದ್ದು ಎಂದು ಕೇಳಿದೆ. ದೊಡ್ಡಪ್ಪ ಒಪ್ಪಿಕೊಂಡರು. ಒಂದು ದಿನ ಸುಮ್ಮನೆ ಕೂತಿದ್ದಾಗ ಎರಡೂ ಡಿಸ್ಕುಗಳಲ್ಲಿ ಗುರುತಿನ ನಂಬರು ಬರೆದಿಟ್ಟ ಕಡತ ತೆರೆದು ನೋಡಿದರಂತೆ. ಒಂದರಲ್ಲಿ ಒಂದು ನಂಬರು, ಇನ್ನೊಂದರಲ್ಲಿ ಇನ್ನೊಂದು ನಂಬರು. ಒಂದೇ ಸಿನಿಮಾದ ಎರಡು ಪ್ರಿಂಟಿನ ಮೇಲೆ ಬೇರೆ ಬೇರೆ ನಂಬರು ಇದ್ದಹಾಗಾಯಿತಲ್ಲ, ಅವಸರದಲ್ಲಿ ಹುಡುಗಿ ತಪ್ಪು ಬರೆದಿದ್ದಾಳೆ ಎಂದುಕೊಂಡು ತಮ್ಮ ಒಂದೇ ಬೆರಳಿನಲ್ಲಿ ಎಲ್ಲ ಕಡೆ ಹಳೆಯ ನಂಬರನ್ನೇ ಬರೆದು ತಾಳೆ ಮಾಡಿಟ್ಟಿದ್ದರು. ಅಂದಿನಿಂದ ಹೊಸ ಡಿಸ್ಕು ತಾನೇ ಏಳುತ್ತಿತ್ತು, ಆದರೆ ಎದ್ದ ಕೂಡಲೇ ಹಳೆಯದರ ಮನೆಗೆ ಹೋಗಿ ಕೂರುತ್ತಿತ್ತು. ಹಳೆಯದು ಜೊತೆಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಮುಚ್ಚಳ ಬದಲಾಗಿ ನೀವು ಪಟ್ಟ ಪಾಡು ನಂಗೊತ್ತು, ಇದು ಡಬ್ಬ ಅಲ್ಲ ಎಂದೆ. ಕೇಳದೆ ಕೈ ಹಾಕಿದ್ದೇಕೆ ಎಂದೆ. ಕೆಳಗೆ ಟಿಕೆಟ್ ಕೊಡಲು ಶುರುಮಾಡಿದ್ದರು. ಕೊನೆಗೆ ದೊಡ್ಡಪ್ಪ, ನೀವಿಬ್ಬರೂ ಹೋಗಿ ಕೂತ್ಕೊಳ್ಳಿ, ಹಳೇದನ್ನ ಸಿಕ್ಕಿಸಿ ನಾನು ಇಲ್ಲೇ ನೋಡ್ಕೋತೀನಿ, ಮುಂದಿನ ಸಲ ಜೊತೆಗೆ ಬರ್ತೀನಿ ಎಂದು ಡಿಸ್ಕಿಗೆ ಕೈ ಚಾಚಿದರು.

"ಮುಂದಿನ ಸಲ ಯಾವಾಗ?"

ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದರು. ನನ್ನ ಕೂಗು ಕೇಳಿಸಿ, ಗೋಡೆ ಸವರಿಕೊಂಡು, ಆ ಕಡಿದಾದ ಮೆಟ್ಟಿಲು ಒಬ್ಬರೇ ಹತ್ತಿ ಬಂದಿದ್ದರು. ಮೊಣಕೈಗೆ ಸುಣ್ಣ ಮೆತ್ತಿತ್ತು. ಕೂರಲು ಸ್ಟೂಲು ಸರಿಸಿದೆ, ಕೂರಲಿಲ್ಲ.

ದೊಡ್ಡಪ್ಪ ಬೆನ್ನು ತಿರುಗಿಸಿಕೊಂಡೇ ಮಾತಾಡಿದರು. "ನಂಬರು ತಾಳೆ ಮಾಡಿದ್ದು ಅಭ್ಯಾಸ ಕಣೇ. ಆಣೆಗೂ ಬೇರೇನಲ್ಲ. ಆದ್ರೆ ಹಳೇದನ್ನ ಯಾಕೆ ಮತ್ತೆ ಹಾಕಿದೆ ಅಂತ ಕೇಳಿದ್ರೆ... ಆವತ್ತು ಇದು ತಾನೇ ಎದ್ದು, ಎಲ್ಲೂ ನಿಲ್ಲದೆ ಆಟ ಮುಗಿಸ್ತಲ್ಲ, ನನಗೆ ಕೈಕಾಲು ಆಡಲಿಲ್ಲ. ಇದಕ್ಕೆ ನಾನು ಬೇಡ ಅಂತಾದ್ರೆ ನಾನು ಎಲ್ಲಿ ನಿಂತ್ಕೊಳ್ಳಲಿ?"

ನನ್ನ ಸಿಟ್ಟು ಎಲ್ಲಿಗೆ ಹೋಯಿತೋ. ಇಷ್ಟು ವರ್ಷ ಅವರನ್ನು ಕಟ್ಟಿಹಾಕಿದ್ದು ಪರದೆ ಕಪ್ಪಾಗುವ ಭಯ ಎಂದು ತಿಳಿದಿದ್ದೆ. ಪರದೆ ಕಪ್ಪಾಗದೆಯೂ ಇದ್ದುಬಿಡಬಹುದು ಎಂಬ ಭಯ ಅದಕ್ಕಿಂತ ದೊಡ್ಡದಾಗಿ ಬೆಳೆದದ್ದು ನನಗೆ ಕಂಡಿರಲಿಲ್ಲ. ಕಂಪ್ಯೂಟರ್ ಬಗ್ಗೆ ಎಲ್ಲ ಹೇಳಿಕೊಟ್ಟಿದ್ದೆ, ಇದನ್ನು ಕೇಳಿಯೇ ಇರಲಿಲ್ಲ.

ದೊಡ್ಡಮ್ಮ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ಅವರ ತೋಳು ಹುಡುಕಿ ಹಿಡಿದುಕೊಂಡರು. "ನಿಂತಿದ್ದು ಸಾಕು, ಕೂತ್ಕೊಳ್ಳಿ ಅಂತಾನೇ ನಾನು ಹೇಳ್ತಿರೋದು" ಎಂದರು.

ದೊಡ್ಡಪ್ಪ ಕನ್ನಡಕ ತೆಗೆದು ಶರ್ಟಿನ ತುದಿಯಿಂದ ಒರೆಸಿದರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಮೇಷ್ಟ್ರಮ್ಮ, ನಂಬರು ಓದು ಎಂದು ಸ್ಟೂಲಿನ ಮೇಲೆ ಕೂತರು.

ಸಿ.ಡಿ. ಹಾಕಿದೆ. ಹೊಸ ಡಿಸ್ಕಿನೊಳಗೆ ಹೊಕ್ಕೆವು. ನಾನು ಒಂದೊಂದೇ ಅಕ್ಷರ, ಒಂದೊಂದೇ ಅಂಕಿ ಓದಿದೆ, ಅವರು ತಮ್ಮ ಒಂದೇ ಬೆರಳಿನಲ್ಲಿ ಒತ್ತಿದರು. ಕೆಳಗೆ ಆಟದ ಬೆಲ್ಲು ಹೊಡೆಯಿತು. ನಾನೇ ಬೇಗ ಬೇಗ ಹಾಕಿಬಿಡಬಹುದಿತ್ತು, ಕೈ ತುರಿಸುತ್ತಿತ್ತು. ಆದರೆ ಅದು ಅವರ ಕೈಯಿಂದಲೇ ಆಗಬೇಕಾದ ಕೆಲಸ ಎನಿಸಿ ಸುಮ್ಮನಿದ್ದೆ. ದೊಡ್ಡಮ್ಮ ಗಂಡನ ಭುಜದ ಮೇಲೆ ಕೈಯಿಟ್ಟು ಹಿಂದೆ ನಿಂತಿದ್ದರು. ಅವರು ಆ ಕ್ಯಾಬಿನ್‌ನೊಳಗೆ ಬಂದದ್ದು ಅದೇ ಮೊದಲಂತೆ. ಇಷ್ಟು ಪುಟ್ಟ ರೂಮಾ ಎಂದು ಕೇಳಿದರು.

ಬರೆದದ್ದನ್ನು ಎರಡೆರಡು ಸಲ ತಾಳೆ ನೋಡಿ ದೊಡ್ಡಪ್ಪ ತಲೆಯಾಡಿಸಿದರು. ಯಂತ್ರ ಆರಿಸಿ ಮತ್ತೆ ಗುಂಡಿ ಒತ್ತಿದರು. ಕಪ್ಪು ಪರದೆ. ಬಿಳಿ ಗೆರೆ. ಆಮೇಲೆ ಅಕ್ಷರಗಳು ಸರಸರನೆ ಹರಿದು, ಆಟದ ಹೊತ್ತು ತೋರಿಸುವ ಪರಿಚಿತ ಪುಟ ಬಂದು ನಿಂತಿತು. ಟಿಕ್ ಟಿಕ್ ಇಲ್ಲದ ಕ್ಯಾಬಿನ್ ಬಣಗುಟ್ಟಿತು. ದೊಡ್ಡಪ್ಪ ಮೇಜಿನ ಮೇಲಿದ್ದ ಹಳೆಯ ಡಿಸ್ಕನ್ನು ಎತ್ತಿ ನನ್ನ ಕೈಗೆ ಕೊಟ್ಟು, ನಿನ್ನ ಚೀಲಕ್ಕೆ ಹಾಕ್ಕೋ, ನನ್ನ ಕೈಗೆ ಸಿಗಬಾರದು ಎಂದರು.

ಮೂವರೂ ಮೆಟ್ಟಿಲಿಳಿದೆವು. ದೊಡ್ಡಪ್ಪ ಮುಂದೆ, ಅವರ ಭುಜ ಹಿಡಿದು ದೊಡ್ಡಮ್ಮ, ಹಿಂದೆ ನಾನು. ಗೇಟ್‌ಕೀಪರ್ ದೊಡ್ಡಪ್ಪನನ್ನು ಕಂಡು ಬೆರಗಾಗಿ ಟಾರ್ಚು ಹಿಡಿದ. ಪರದೆಗೆ ನೇರ ಎದುರಾಗಿ, ತಲೆ ತಿರುಗಿಸದೆ ನೋಡಬಹುದಾದ ಜಾಗ ದೊಡ್ಡಮ್ಮನಿಗೆ ಬೇಕಿತ್ತು. ನಡುವಿನ ಸಾಲಿನಲ್ಲಿ ಇಬ್ಬರೂ ಕೂತರು. ನಾನು ಬೇಕೆಂದೇ ಅವರ ಹಿಂದಿನ ಸಾಲು ಹಿಡಿದೆ. ಜನ ಹೆಚ್ಚಿರಲಿಲ್ಲ. ಇದ್ದವರಲ್ಲಿ ತಲೆ ನೆರೆತವರೇ ಬಹಳ.

ದೀಪಗಳು ಆರಿದವು. ಒಂದು ಗಳಿಗೆ ಬರೀ ಕತ್ತಲು. ದೊಡ್ಡಪ್ಪ ಕುರ್ಚಿಯ ಕೈ ಹಿಡಿದು ಎದ್ದು ನಿಲ್ಲುವಂತೆ ಮುಂದಕ್ಕೆ ಬಾಗಿದ್ದು ನನಗೆ ಕಂಡಿತು. ಇನ್ನೇನು ಹೊರಟರು ಎಂದುಕೊಂಡೆ. ಅಷ್ಟರಲ್ಲಿ ತಲೆಯ ಮೇಲಿಂದ ಬೆಳಕು ಹಾದು ಪರದೆ ತುಂಬಿತು, ಸಂಗೀತ ಶುರುವಾಯಿತು, ಹೆಸರುಗಳು ಬಂದವು. ಪರದೆಯಲ್ಲಿ ನಾಯಕಿ ಬಾಗಿಲು ತೆರೆದು ಹೊರಗೆ ಬಂದಳು. ಯಾರೂ ಶಿಳ್ಳೆ ಹೊಡೆಯಲಿಲ್ಲ. ದೊಡ್ಡಪ್ಪ ಎದ್ದು ಹೋಗಲಿಲ್ಲ, ಆದರೆ ಪರದೆಯನ್ನೂ ನೋಡಲಿಲ್ಲ. ಕುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ, ಬೆಳಕು ಬರುತ್ತಿದ್ದ ಕಿಂಡಿಯನ್ನೇ ನೋಡುತ್ತಿದ್ದರು. ಆ ಬೆಳಕಿನಲ್ಲಿ ಅವರ ಮುಖ ಕಂಡಿತು. ಬಿಟ್ಟುಬಂದ ಮನೆಯಲ್ಲಿ ಯಾರೋ ದೀಪ ಹಚ್ಚಿದ್ದನ್ನು ಬೀದಿಯಿಂದ ನೋಡುವವರ ಮುಖ.

ದೊಡ್ಡಮ್ಮನಿಗೆ ಪಕ್ಕದಲ್ಲಿರುವುದು ಕಾಣುತ್ತಿರಲಿಲ್ಲ. ಆದರೂ ಗೊತ್ತಾಯಿತು. ಕೈ ಚಾಚಿ, ಕತ್ತಲಲ್ಲಿ ಗಂಡನ ಗಲ್ಲ ಹುಡುಕಿ, ಮೆಲ್ಲಗೆ ಪರದೆಯ ಕಡೆ ತಿರುಗಿಸಿದರು.

"ಅಲ್ಲಿ ಯಾರನ್ನ ನೋಡ್ತೀರಿ?" ಎಂದರು. "ಅಲ್ಲಿ ಯಾರೂ ಇಲ್ಲ. ನೀವು ಇಲ್ಲಿದ್ದೀರಿ."